ಗಾಜಿನ ಗೋಲಿ ದುಂಡಗೆ ಬರುತ್ತಿಲ್ಲವೇ? ಅಚ್ಚು ಬದಲಿಸುವ ಮುಂಚೆ ಇದನ್ನು ನೋಡಿ

ಗೋಲಿ ಕೆಟ್ಟರೆ ನಮ್ಮ ಸಿಟ್ಟೆಲ್ಲ ಮೊದಲು ಹೋಗುವುದು ಅಚ್ಚಿನ ಮೇಲೆ. ಗ್ಯಾಸ್ ಟಾರ್ಚ್ ಮುಂದೆ ಕೂತು ಗೋಲಿ ಮಾಡಲು ಶುರುಮಾಡಿದ ಮೊದಲ ವರ್ಷ ನಾನು ಮೂರು ಗ್ರಾಫೈಟ್ ಅಚ್ಚು ಕೊಂಡೆ. ಮೂರರಲ್ಲೂ ಗೋಲಿ ಕೋಳಿಮೊಟ್ಟೆಯ ಆಕಾರಕ್ಕೇ ಬಂತು. ಅಚ್ಚಿನಲ್ಲಿ ತಪ್ಪಿರಲಿಲ್ಲ. ನಾನು ಗೋಲಿಯನ್ನು ಒಂದೇ ದಿಕ್ಕಿಗೆ ತಿರುಗಿಸುತ್ತಿದ್ದೆ. ಅದನ್ನು ಸರಿಮಾಡಿಕೊಂಡ ದಿನ ಮೊದಲನೇ ಅಚ್ಚಿನಲ್ಲೇ ದುಂಡನೆಯ ಗೋಲಿ ಬಂತು.

ಕೆಟ್ಟ ಗೋಲಿಯ ಮೈಮೇಲೆ ಯಾವಾಗಲೂ ಒಂದು ಗುರುತು ಇರುತ್ತದೆ. ಬಿಸಿ ಗಾಜು ಅಚ್ಚಿಗೆ ಎಲ್ಲಿ ತಗುಲಿತು, ಆಗ ಗಾಜು ಎಷ್ಟು ಬಿಸಿ ಇತ್ತು, ಅಚ್ಚು ಎಷ್ಟು ತಣ್ಣಗಿತ್ತು, ಎಲ್ಲ ಆ ಗುರುತಿನಲ್ಲೇ ಇದೆ. ಅದಕ್ಕೇ ಈ ಕೈಪಿಡಿಯನ್ನು ಕಣ್ಣಿಗೆ ಕಾಣುವ ಲಕ್ಷಣ ಹಿಡಿದು ಬರೆದಿದ್ದೇನೆ. ಪ್ರತಿ ಲಕ್ಷಣದಲ್ಲೂ ಖರ್ಚಿಲ್ಲದ ಪರೀಕ್ಷೆ ಮೊದಲು, ಕಷ್ಟದ್ದು ಆಮೇಲೆ.

ಎಲ್‌ಪಿಜಿ ಮತ್ತು ಆಕ್ಸಿಜನ್ ಟಾರ್ಚ್‌ನಲ್ಲಿ ಗಾಜಿನ ಕಡ್ಡಿ ಕರಗಿಸಿ, ಸುಮಾರು 15ರಿಂದ 35 ಮಿ.ಮೀ. ಗೋಲಿ ಮಾಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಇದು. ಲ್ಯಾಬಿನ ಬೀಕರ್ ಮಾಡುವ, ಬಿಸಿ ತಡೆಯುವ ಬೊರೊಸಿಲಿಕೇಟ್ ಗಾಜಿಗೂ ಸರಿ, ಬಳೆ ಗಾಜಿನ ಜಾತಿಯ ಮೆದು ಗಾಜಿಗೂ ಸರಿ. ವ್ಯತ್ಯಾಸ ಇದ್ದ ಕಡೆ ಹೇಳುತ್ತೇನೆ.

ಟಾರ್ಚ್ ಹಚ್ಚುವ ಮುಂಚೆ

ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ನೆಲದ ಮೇಲೆ, ಮೇಜಿನ ಕೆಳಗೆ ಕೂತಿರುತ್ತದೆ. ಪೈಪ್ ಮತ್ತು ಜೋಡಣೆಗಳ ಮೇಲೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದಾ ನೋಡಿ. ಬೆಂಕಿಕಡ್ಡಿ ಗೀರಿ ನೋಡುವ ಅಭ್ಯಾಸ ಬೇಡವೇ ಬೇಡ. ವಾಸನೆ ಬಂದರೆ ಸಿಲಿಂಡರ್ ವಾಲ್ವ್ ಮುಚ್ಚಿ, ಕಿಟಕಿ ಬಾಗಿಲು ತೆಗೆದು ಹೊರಗೆ ಬನ್ನಿ. ಸ್ವಿಚ್ ಹಾಕಬೇಡಿ, ಆರಿಸಲೂ ಬೇಡಿ. ಎಲ್‌ಪಿಜಿ ಸೋರಿಕೆಯ ತುರ್ತು ಸಂಖ್ಯೆ 1906.

ಆಕ್ಸಿಜನ್ ರೆಗ್ಯುಲೇಟರ್ ಹತ್ತಿರ ಎಣ್ಣೆ, ಗ್ರೀಸ್ ಏನೂ ಸುಳಿಯಬಾರದು. ಎರಡೂ ಪೈಪಿಗೆ ಜ್ವಾಲೆ ಹಿಂದಕ್ಕೆ ಹೋಗದಂತೆ ತಡೆಯುವ ಫ್ಲ್ಯಾಶ್‌ಬ್ಯಾಕ್ ಅರೆಸ್ಟರ್ ಇರಲಿ. ಟಾರ್ಚ್ ಒಳಗಿಂದ ‘ಟಪ್’ ಎಂದು ಸದ್ದು ಬಂದು ಜ್ವಾಲೆ ಒಳಕ್ಕೆ ಹೋದರೆ ಎರಡೂ ವಾಲ್ವ್ ಮುಚ್ಚಿ ಅವತ್ತಿನ ಕೆಲಸ ನಿಲ್ಲಿಸಿ. ಗ್ಯಾಸ್ ವೆಲ್ಡಿಂಗ್ ಸಾಮಾನು ರಿಪೇರಿ ಮಾಡುವವರಿಗೆ ತೋರಿಸಿ, ಆಮೇಲೆ ಮತ್ತೆ ಹಚ್ಚಿ.

ಬಟ್ಟೆ ಹತ್ತಿಯದೇ ಇರಲಿ. ಕಣ್ಣಿಗೆ ಡಿಡಿಮಿಯಂ ಕನ್ನಡಕ ಬೇಕು. ಬಿಸಿ ಗಾಜಿನಿಂದ ಏಳುವ ಸೋಡಿಯಂನ ಹಳದಿ ಬೆಳಕನ್ನು ಅದು ತಡೆಯುತ್ತದೆ. ಆಗ ಮಾತ್ರ ಗಾಜು ಅಚ್ಚಿಗೆ ತಗುಲುವ ಜಾಗ ನಿಮಗೆ ಸರಿಯಾಗಿ ಕಾಣುತ್ತದೆ. ಬೊರೊಸಿಲಿಕೇಟ್ ಕೆಲಸಕ್ಕೆ ಅದರ ಜೊತೆ ವೆಲ್ಡಿಂಗ್ ಶೇಡ್ (ಕಪ್ಪು ಗಾಜು) ಕೂಡ ಇರುವ ಕನ್ನಡಕ ತಗೊಳ್ಳಿ, ಬರೀ ಡಿಡಿಮಿಯಂ ಸಾಲದು.

ಇನ್ನೊಂದು ಮಾತು. 400 ಡಿಗ್ರಿಯ ಗೋಲಿಯೂ ತಣ್ಣಗಿನ ಗೋಲಿಯೂ ನೋಡಲು ಒಂದೇ ತರ ಇರುತ್ತವೆ. ಮೇಜಿನ ಮೇಲೆ ಬಿದ್ದಿರುವ ಯಾವ ಗೋಲಿಯನ್ನೂ, ಯಾವ ಅಚ್ಚನ್ನೂ ಬರಿಗೈಯಲ್ಲಿ ಎತ್ತಬೇಡಿ. ಸುಟ್ಟುಕೊಂಡರೆ 20 ನಿಮಿಷ ನಲ್ಲಿ ನೀರಿನ ಕೆಳಗೆ ಹಿಡಿಯಿರಿ. ಟೂತ್‌ಪೇಸ್ಟ್, ಇಂಕು ಹಚ್ಚಬೇಡಿ. ಬೊಬ್ಬೆ ದೊಡ್ಡದಾಗಿದ್ದರೆ, ಕೈಬೆರಳಿನ ಗೆಣ್ಣಿನ ಮೇಲೆ ಸುಟ್ಟಿದ್ದರೆ ಡಾಕ್ಟರ ಹತ್ತಿರ ಹೋಗಿ.

ಅಚ್ಚು ಮಾಡುವ ಕೆಲಸ ಏನು?

ಇದು ಗೊತ್ತಿದ್ದರೆ ಕೆಳಗಿನ ಅರ್ಧ ಲಕ್ಷಣಗಳು ತಾವಾಗೇ ಅರ್ಥವಾಗುತ್ತವೆ. ಅಚ್ಚಿನಲ್ಲಿ ಒಂದು ಅರ್ಧಗೋಳದ ಗುಳಿ ಇರುತ್ತದೆ. ಇಡ್ಲಿ ತಟ್ಟೆಯಲ್ಲಿ ಹಿಟ್ಟು ತುಂಬಿದ ಹಾಗೆ ಗಾಜು ಈ ಗುಳಿಯನ್ನು ತುಂಬಬಾರದು. ಗಾಜು ಗುಳಿಯನ್ನು ಒಂದು ಸಲಕ್ಕೆ ಸ್ವಲ್ಪ ಜಾಗದಲ್ಲಿ ಮಾತ್ರ ಮುಟ್ಟಬೇಕು. ಆ ಜಾಗದ ಮೇಲೆ ಗೋಲಿ ಎಲ್ಲ ದಿಕ್ಕಿಗೂ ಉರುಳಿದಾಗ ಉಬ್ಬಿದ್ದ ಕಡೆ ತಗ್ಗುತ್ತದೆ, ತಗ್ಗಿದ್ದ ಕಡೆ ತುಂಬಿಕೊಳ್ಳುತ್ತದೆ.

ಹಾಗಾಗಿ ಗುಳಿಯ ಅಳತೆ ಗೋಲಿಗಿಂತ ಸ್ವಲ್ಪ ಜಾಸ್ತಿ ಇರಬೇಕು. 25 ಮಿ.ಮೀ. ಗೋಲಿಗೆ 27–28 ಮಿ.ಮೀ. ಗುಳಿ ನನಗೆ ಚೆನ್ನಾಗಿ ಒಗ್ಗಿದೆ. ಗುಳಿ ತೀರಾ ದೊಡ್ಡದಾದರೆ ಮುಟ್ಟುವ ಜಾಗ ಕಿರಿದಾಗಿ ಗೋಲಿ ತಳದಲ್ಲಿ ಹೆಚ್ಚೂಕಮ್ಮಿ ಒಂದೇ ಬಿಂದುವಿನ ಮೇಲೆ ಕೂರುತ್ತದೆ. ಚಿಕ್ಕದಾದರೆ ಗುಳಿಯ ಅಂಚು ಗಾಜಿಗೆ ಕಚ್ಚುತ್ತದೆ.

ಲಕ್ಷಣ: ಮೈಮೇಲೆ ಅಲೆ ಅಲೆ, ಕಿತ್ತಳೆ ಸಿಪ್ಪೆಯಂಥ ಸುಕ್ಕು

ಹೊಸಬರಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಣುವುದು ಇದೇ. ಗೋಲಿಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಕೆರೆಗೆ ಕಲ್ಲು ಬಿದ್ದಾಗ ಏಳುವ ಉಂಗುರಗಳ ತರ ಸಣ್ಣ ಸಣ್ಣ ಅಲೆ ಕಾಣುತ್ತಿದ್ದರೆ ಅಚ್ಚು ತಣ್ಣಗಿತ್ತು ಎಂದರ್ಥ. ಗ್ರಾಫೈಟ್ ಗಾಜಿಗಿಂತ ಹತ್ತಾರು ಪಟ್ಟು ವೇಗವಾಗಿ ಶಾಖ ಎಳೆದುಕೊಳ್ಳುತ್ತದೆ. ಗಾಜಿನ ಹೊರ ಪದರ ಮುಟ್ಟಿದ ತಕ್ಷಣ ಗಟ್ಟಿಯಾಗುತ್ತದೆ, ಒಳಗಿನದು ಇನ್ನೂ ಮೆತ್ತಗಿರುತ್ತದೆ. ಗಟ್ಟಿ ಪದರ ಸುಕ್ಕಾಗುತ್ತದೆ, ಹಾಲಿನ ಕೆನೆಯನ್ನು ಚಮಚದಲ್ಲಿ ತಳ್ಳಿದಾಗ ಆಗುವ ಹಾಗೆ.

ಮೊದಲ ಪರೀಕ್ಷೆ ಅಚ್ಚನ್ನು ಬೆಚ್ಚಗೆ ಮಾಡುವುದು. ಜ್ವಾಲೆಯ ತುದಿಯಿಂದ ಆಚೆ, ಶಾಖ ಮಾತ್ರ ತಗಲುವಲ್ಲಿ ಅಚ್ಚನ್ನು ಅರ್ಧ ನಿಮಿಷ ಆಡಿಸಿ. ಗುಳಿಯಿಂದ ಎರಡು ಬೆರಳು ದೂರದಲ್ಲಿ ಅಂಗೈ ಹಿಡಿದರೆ ಶಾಖ ಚುರುಕ್ಕೆನ್ನಬೇಕು. ಕೆಂಪಾಗುವ ತನಕ ಕಾಯಿಸಬೇಡಿ. ಗ್ರಾಫೈಟ್ ಸುಮಾರು 450–500 ಡಿಗ್ರಿ ದಾಟಿದರೆ ಗಾಳಿಯಲ್ಲಿರುವ ಆಮ್ಲಜನಕಕ್ಕೆ ನಿಧಾನವಾಗಿ ಸುಟ್ಟು ಸವೆಯಲು ಶುರುವಾಗುತ್ತದೆ.

ಅಚ್ಚು ಬಿಸಿ ಇದ್ದೂ ಸುಕ್ಕು ಬಂದರೆ ನಿಮ್ಮ ಕಿವಿಯನ್ನೂ ಬೆರಳನ್ನೂ ಕೇಳಿ. ಹದವಾದ ಗಾಜು ಬಿಸಿ ಗುಳಿಯಲ್ಲಿ ತಿರುಗುವಾಗ ಸದ್ದೇ ಇರುವುದಿಲ್ಲ. ಕಡ್ಡಿ ಹಿಡಿದ ಬೆರಳಿಗೆ ಬೆಣ್ಣೆಯಲ್ಲಿ ಕೈ ಆಡಿಸಿದ ಹಾಗೆ ಅನಿಸುತ್ತದೆ. ಕೆಲವು ಸುತ್ತು ಕಳೆದ ಮೇಲೆ ಗಾಜಿನ ಕಿತ್ತಳೆ ಬಣ್ಣ ಅಂಚಿನಿಂದ ಇಳಿಯುತ್ತಾ ಬರುತ್ತದೆ, ಆಗ ಬೆರಳಿಗೆ ಸಣ್ಣ ‘ಕಟಕಟ’ ನಡುಕ ಗೊತ್ತಾಗುತ್ತದೆ. ಗಾಜು ಗಟ್ಟಿಯಾಯಿತು, ಎತ್ತಿ ಜ್ವಾಲೆಗೆ ಹಿಡಿ ಎಂದು ಹೇಳುವ ಸೂಚನೆ ಅದು. ನಡುಕ ಶುರುವಾದ ಮೇಲೂ ತಿರುಗಿಸುತ್ತಲೇ ಇದ್ದರೆ ಸುಕ್ಕು ಖಂಡಿತ.

ಅಚ್ಚನ್ನು ಜ್ವಾಲೆಗೆ ಸ್ವಲ್ಪ ಕೆಳಗೆ ಹಿಡಿದು, ಗೋಲಿಯ ತಲೆಗೆ ಜ್ವಾಲೆ ಸವರುತ್ತಿರುವಾಗಲೇ ಕೆಳಗೆ ಗುಳಿಯಲ್ಲಿ ತಿರುಗಿಸುವುದು ಇನ್ನೊಂದು ಉಪಾಯ. ಮೆದು ಗಾಜಿಗೆ ಇದು ಬೇಗ ಕೆಲಸ ಮಾಡುತ್ತದೆ. ಬೊರೊಸಿಲಿಕೇಟ್ ಬೇಗ ಗಟ್ಟಿಯಾಗುವ ಗಾಜು, ಅದಕ್ಕೆ ಇದು ಬೇಕೇ ಬೇಕು.

ಬಂದ ಸುಕ್ಕು ಅಳಿಸಲು ಹೊಸ ಗೋಲಿ ಮಾಡಬೇಕಾಗಿಲ್ಲ. ಹೊರ ಪದರ ಮಾತ್ರ ಹೊಳೆಯುವಷ್ಟು ಬಿಸಿ ಮಾಡಿ ಜ್ವಾಲೆಯಲ್ಲೇ ತಿರುಗಿಸುತ್ತಿರಿ. ಗಾಜು ತಾನೇ ನಯವಾಗುತ್ತದೆ. ಈ ಕೊನೆಯ ಸುತ್ತಿನಲ್ಲಿ ಅಚ್ಚನ್ನು ಮುಟ್ಟಿಸಬೇಡಿ.

ಲಕ್ಷಣ: ದುಂಡಗಿಲ್ಲ

ಗೋಲಿ ದುಂಡಗಿಲ್ಲ ಎಂದು ಕೈಗೆ ಗೊತ್ತಾಗುವ ಮುಂಚೆ ಕಣ್ಣಿಗೆ ಗೊತ್ತಾಗಬೇಕು. ಕಿಟಕಿ ಗಾಜಿನ ಒಂದು ತುಂಡನ್ನು ಸಮತಟ್ಟಾಗಿಟ್ಟು ಗೋಲಿಯನ್ನು ನಿಧಾನ ಉರುಳಿಸಿ. ನೆಟ್ಟಗೆ ಹೋಗದೆ ಓಲಾಡಿದರೆ ಎಲ್ಲೋ ಉಬ್ಬಿದೆ. ಎಲ್ಲಿ ಎಂದು ತಿಳಿಯಲು ನಾನು ಬಳಸುವುದು ಒಂದು ವಾಷರ್.

ಗೋಲಿ ಸೋಡಾ ಬಾಟಲಿ ನೆನಪಿದೆ ಅಲ್ವಾ? ಹೈರಮ್ ಕಾಡ್ ಎಂಬ ಇಂಗ್ಲೆಂಡಿನವರು 1870ರ ದಶಕದಲ್ಲಿ ಮಾಡಿದ ಉಪಾಯ ಅದು. ಬಾಟಲಿಯ ಕತ್ತಿನಲ್ಲಿರುವ ರಬ್ಬರ್ ಉಂಗುರಕ್ಕೆ ಒಳಗಿನ ಗ್ಯಾಸ್ ಗೋಲಿಯನ್ನು ಒತ್ತಿ ಹಿಡಿಯುತ್ತದೆ. ಗೋಲಿ ದುಂಡಗಿದ್ದರೆ ಮಾತ್ರ ಉಂಗುರಕ್ಕೆ ಸುತ್ತಲೂ ಸಮನಾಗಿ ಕೂರುತ್ತದೆ, ಇಲ್ಲದಿದ್ದರೆ ಗ್ಯಾಸ್ ಸೋರುತ್ತದೆ. ಅದೇ ಲೆಕ್ಕ ಇಲ್ಲೂ ನಡೆಯುತ್ತದೆ. ಗೋಲಿಗಿಂತ ಚಿಕ್ಕ ತೂತಿನ, ಅಂಚು ನಯವಾಗಿರುವ ಕಬ್ಬಿಣದ ವಾಷರ್ ತೆಗೆದುಕೊಳ್ಳಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುತ್ತದೆ. ತಣ್ಣಗಿನ ಗೋಲಿಯನ್ನು ಅದರ ಮೇಲೆ ಕೂರಿಸಿ, ಕೂಡುವ ಜಾಗವನ್ನು ಬೆಳಕಿಗೆ ಹಿಡಿದು ನೋಡಿ. ಎಲ್ಲಿ ಬೆಳಕು ನುಸುಳುತ್ತದೋ ಅಲ್ಲಿ ತಗ್ಗು. ಗೋಲಿಯನ್ನು ಬೇರೆ ಬೇರೆ ಬದಿಗೆ ತಿರುಗಿಸಿ ಐದಾರು ಸಲ ನೋಡಿ. ಅಲ್ಲಲ್ಲೇ ಮಾರ್ಕರ್ ಪೆನ್ನಿನಿಂದ ಚುಕ್ಕೆ ಇಡಿ. ವರ್ನಿಯರ್ ಕ್ಯಾಲಿಪರ್ ಇದ್ದರೆ ಮೂರು ದಿಕ್ಕಿನಲ್ಲಿ ಅಳೆಯಿರಿ. 25 ಮಿ.ಮೀ. ಗೋಲಿಯಲ್ಲಿ ವ್ಯತ್ಯಾಸ ಅರ್ಧ ಮಿ.ಮೀ. ಒಳಗಿದ್ದರೆ ನಾನು ತೃಪ್ತಿಪಡುತ್ತೇನೆ.

ಈಗ ಚುಕ್ಕೆಗಳು ಎಲ್ಲಿವೆ ನೋಡಿ.

*ಕಡ್ಡಿ ಇದ್ದ ಕಡೆ ಮತ್ತು ಅದರ ಎದುರು ಕಡೆ ಉದ್ದವಾಗಿದೆ, ಮೊಟ್ಟೆ ತರ.* ಕಡ್ಡಿಯ ಬುಡ ಯಾವಾಗಲೂ ತಣ್ಣಗಿರುತ್ತದೆ, ಅಲ್ಲಿನ ಗಾಜು ಬಗ್ಗುವುದಿಲ್ಲ. ಒಂದೇ ಕಡ್ಡಿಯಲ್ಲಿ ಎಷ್ಟು ಹೊತ್ತು ತಿರುಗಿಸಿದರೂ ಸೊಂಟ ಮಾತ್ರ ದುಂಡಗಾಗುತ್ತದೆ. ಇದಕ್ಕೆ ಕಡ್ಡಿ ಬದಲಿಸಬೇಕು. ಮುಂದಿನ ಅರ್ಧ ದುಂಡಗಾದ ಮೇಲೆ ಎದುರು ಬದಿಗೆ ಒಂದು ತೆಳು ಕಡ್ಡಿ ಅಂಟಿಸಿ. ಇದನ್ನು ಪಂಟಿ ಎನ್ನುತ್ತಾರೆ. ಹಳೇ ಕಡ್ಡಿಯನ್ನು ಜ್ವಾಲೆಯಲ್ಲಿ ಕರಗಿಸಿ ಬೇರ್ಪಡಿಸಿ, ಉಳಿದ ಮೊಳಕೆಯನ್ನು ಗೋಲಿಯೊಳಕ್ಕೆ ಕರಗಿಸಿ, ಆ ಬದಿಯನ್ನು ಅಚ್ಚಿಗೆ ಕೊಡಿ. ಕೊನೆಗೆ ಇನ್ನೊಂದು ಪಂಟಿಯನ್ನು ಸೊಂಟಕ್ಕೆ ಹಚ್ಚಿ ಎರಡೂ ತುದಿಗಳನ್ನು ಒಂದು ಸಲ ಬಿಸಿ ಮಾಡಿ ಗುಳಿಯಲ್ಲಿ ಉರುಳಿಸಿ. ಮೊಟ್ಟೆ ಹೋಗುವುದು ಈ ಕೊನೆಯ ಹೆಜ್ಜೆಯಲ್ಲಿ. ಇದನ್ನೇ ಜಾಸ್ತಿ ಜನ ಬಿಡುತ್ತಾರೆ, ನಾನೂ ಒಂದು ವರ್ಷ ಬಿಟ್ಟಿದ್ದೆ.

ಇದು ಬಹಳ ಹಳೆಯ ಕಷ್ಟ. ಜರ್ಮನಿಯ ಲೌಶಾ ಊರಿನ ಗಾಜಿನ ಕೆಲಸದವರು 1840ರ ದಶಕದಲ್ಲಿ ಗೋಲಿ ಕತ್ತರಿ ಎಂಬ ಸಲಕರಣೆ ಮಾಡಿದರು. ಇಕ್ಕಳದಂಥ ಅದರ ಒಂದು ತೋಳಿನ ತುದಿಯಲ್ಲಿ ಬಟ್ಟಲು. ಬಿಸಿ ಗಾಜಿನ ಕಡ್ಡಿಯ ತುದಿಯನ್ನು ಆ ಬಟ್ಟಲಲ್ಲಿ ತಿರುಗಿಸಿ ದುಂಡಗೆ ಮಾಡಿ, ಕತ್ತರಿಸಿ ಬೇರ್ಪಡಿಸುತ್ತಿದ್ದರು. ಆ ಕಾಲದ ಗೋಲಿಗಳಲ್ಲಿ ಕತ್ತರಿಸಿದ ಜಾಗದ ಒರಟು ಗುರುತು ಉಳಿದಿರುತ್ತದೆ. ಹಳೇ ಗೋಲಿ ಕೂಡಿಡುವವರು ಕೈಕೆಲಸದ ಗೋಲಿಯನ್ನು ಗುರುತು ಹಿಡಿಯುವುದೇ ಅದರಿಂದ. ನಮ್ಮ ಪಂಟಿ ಗುರುತೂ ಅದೇ ಜಾಗದ್ದು.

*ಒಂದೇ ಕಡೆ ಚಪ್ಪಟೆ.* ಗಾಜು ತೀರಾ ಬಿಸಿ ಇದ್ದಾಗ ಅಚ್ಚಿಗೆ ಹಾಕಿ ಕ್ಷಣಕಾಲ ನಿಲ್ಲಿಸಿದ್ದೀರಿ, ಅಥವಾ ಗುಳಿ ತೀರಾ ದೊಡ್ಡದು. ಗುಳಿ ಗೋಲಿಗಿಂತ ತುಂಬಾ ದೊಡ್ಡದಿದ್ದರೆ ಚಿಕ್ಕ ಗುಳಿಗೆ ಹೋಗಿ.

*ಎಲ್ಲೆಂದರಲ್ಲಿ ಉಬ್ಬು ತಗ್ಗು.* ಶಾಖ ಒಳಗಿನ ತನಕ ಇಳಿದಿಲ್ಲ. ಹೊರಗೆ ಮಾತ್ರ ಮೆತ್ತಗಾದ ಗೋಲಿಯನ್ನು ಅಚ್ಚು ದುಂಡಗೆ ಮಾಡಲಾರದು, ಚರ್ಮವನ್ನು ಅತ್ತಿಂದಿತ್ತ ತಳ್ಳುತ್ತದೆ ಅಷ್ಟೇ. ಜ್ವಾಲೆ ಸ್ವಲ್ಪ ಮೆತ್ತಗೆ ಮಾಡಿ ಜಾಸ್ತಿ ಹೊತ್ತು ಕಾಯಿಸಿ. ಜ್ವಾಲೆಯಿಂದ ತೆಗೆದು ಐದಾರು ಸೆಕೆಂಡು ಹೊರಗೆ ತಿರುಗಿಸಿ, ಶಾಖ ಒಳಗೂ ಹೊರಗೂ ಸಮ ಆಗಲಿ. ತಿರುಗಿಸುವುದು ನಿಲ್ಲಿಸಿದರೆ ಗೋಲಿ ನಿಧಾನಕ್ಕೆ ಜೋತಾಡಬೇಕು, ಜೇನಿನಂತೆ ಇಳಿಯಬಾರದು. ಆ ಹದದಲ್ಲಿ ಅಚ್ಚಿಗೆ ಕೊಡಿ.

ತಿರುಗಿಸುವಾಗ ಅಚ್ಚನ್ನೂ ಆಡಿಸಿ. ಒಂದು ಕೈ ಕಡ್ಡಿಯನ್ನು ಸುತ್ತಿಸುತ್ತಿರಲಿ, ಇನ್ನೊಂದು ಕೈ ಅಚ್ಚನ್ನು ಮೊರದಲ್ಲಿ ಅಕ್ಕಿ ಕೇರಿದ ಹಾಗೆ ಸಣ್ಣಗೆ ಓಲಾಡಿಸುತ್ತಿರಲಿ. ಒತ್ತಡ ಬೇಡ. ಗೋಲಿಯ ಭಾರವೇ ಸಾಕು.

ಲಕ್ಷಣ: ಗೋಲಿ ಸುತ್ತ ಒಂದು ಗೆರೆ ಅಥವಾ ಗೀರು

ಗೆರೆ ನಯವಾಗಿದ್ದು ಸ್ವಲ್ಪ ತಗ್ಗಾಗಿದ್ದರೆ ಗುಳಿ ಚಿಕ್ಕದಾಯಿತು, ಅಂಚು ಕಚ್ಚಿದೆ. ಮುಂದಿನ ಅಳತೆಗೆ ಹೋಗಿ. ಗೆರೆ ಒರಟಾಗಿ ಗೀರಿದ ಹಾಗಿದ್ದರೆ ಅಂಚಿನಲ್ಲಿ ಚಕ್ಕೆ ಎದ್ದಿದೆ. ತಣ್ಣಗಾದ ಅಚ್ಚಿನ ಅಂಚಿನ ಮೇಲೆ ಬೆರಳ ಉಗುರು ಎಳೆಯಿರಿ. ಕಣ್ಣಿಗೆ ಕಾಣದ ಚಕ್ಕೆಯೂ ಉಗುರಿಗೆ ಸಿಗುತ್ತದೆ. 600 ನಂಬರಿನ ಸ್ಯಾಂಡ್‌ಪೇಪರ್‌ನಿಂದ ಅಂಚನ್ನು ಸ್ವಲ್ಪ ದುಂಡಗೆ ಮಾಡಿ, 1000ದಿಂದ ನಯ ಮಾಡಿ. ಈ ಪುಡಿ ಕೆಲಸಕ್ಕೆ ಮಾಸ್ಕ್ ಹಾಕಿ, ಕಿಟಕಿ ಬಳಿ ಮಾಡಿ.

ಲಕ್ಷಣ: ಗಾಜು ಅಚ್ಚಿಗೆ ಅಂಟುತ್ತದೆ

ಹಿತ್ತಾಳೆ ಅಥವಾ ಸ್ಟೀಲ್ ಅಚ್ಚಾದರೆ ಕಾರಣ ಸರಳ, ಅಚ್ಚು ತುಂಬಾ ಬಿಸಿಯಾಗಿದೆ. ಎರಡು ಗೋಲಿಗಳ ನಡುವೆ ಅದನ್ನು ಆರಲು ಬಿಡಿ. ಲೋಹದ ಅಚ್ಚಿಗೆ ತೆಳುವಾಗಿ ಜೇನುಮೇಣ ಸವರುವ ಪದ್ಧತಿಯೂ ಇದೆ. ಹೊಗೆ ಬರುತ್ತದೆ, ಒಂದು ಕ್ಷಣ ಉರಿಯಲೂಬಹುದು. ಹಾಗಾಗಿ ಜ್ವಾಲೆಯಿಂದ ದೂರ, ಗಾಳಿ ಆಡುವ ಕಡೆ ಮಾತ್ರ.

ಗ್ರಾಫೈಟಿಗೆ ಗಾಜು ಅಂಟುವುದು ಅಪರೂಪ. ಅಂಟಿದರೆ ಗುಳಿಯೊಳಗೆ ಸಣ್ಣ ಗುಂಡಿ ಬಿದ್ದಿದೆ, ಅಥವಾ ಹಿಂದಿನ ಗೋಲಿಯ ಚೂರು ಕೂತಿದೆ. ಟಾರ್ಚ್ ಲೈಟ್ ಓರೆಯಾಗಿ ಬಿಟ್ಟು ನೋಡಿ, ಚೂರು ಮಿನುಗುತ್ತದೆ. ಬಿದಿರು ಕಡ್ಡಿಯಿಂದ ಎಬ್ಬಿಸಿ. ಮೊಳೆ, ಚಾಕು ಹಾಕಿದರೆ ಗ್ರಾಫೈಟ್ ಕೆತ್ತಿಹೋಗುತ್ತದೆ.

ಲಕ್ಷಣ: ಕಪ್ಪು ಚುಕ್ಕೆ, ಬೂದು ಮಸಿ

ಚುಕ್ಕೆ ಚುಕ್ಕೆಯಾಗಿದ್ದರೆ ಗ್ರಾಫೈಟ್ ಪುಡಿ. ಒಣ ಹತ್ತಿಬಟ್ಟೆಯಿಂದ ಗುಳಿ ಒರೆಸಿ ಮುಂದಿನ ಗೋಲಿ ಮಾಡಿ. ಮೇಲ್ಮೈಯಲ್ಲಿರುವ ಪುಡಿ ಆಕ್ಸಿಜನ್ ಸ್ವಲ್ಪ ಜಾಸ್ತಿ ಇರುವ ಜ್ವಾಲೆಯಲ್ಲಿ ಸುಟ್ಟುಹೋಗುತ್ತದೆ. ಒಳಗೆ ಹೂತುಹೋದದ್ದು ಹೋಗುವುದಿಲ್ಲ.

ಇಡೀ ಗೋಲಿಗೆ ಬೂದು ಪೊರೆ ಬಂದಿದ್ದರೆ ಅಚ್ಚನ್ನು ಬಿಟ್ಟು ಜ್ವಾಲೆ ನೋಡಿ. ಹಳದಿ ನಾಲಗೆ ಕಾಣುತ್ತಿದ್ದರೆ ಗ್ಯಾಸ್ ಜಾಸ್ತಿ, ಆಕ್ಸಿಜನ್ ಕಮ್ಮಿ.

ಲಕ್ಷಣ: ಮೇಲ್ಮೈಯಲ್ಲಿ ಸೂಜಿಮೊನೆಯಂಥ ಗುಂಡಿ, ಗುಳ್ಳೆ

ಮಳೆಗಾಲದಲ್ಲಿ ಈ ದೂರು ಜಾಸ್ತಿ. ಗ್ರಾಫೈಟಿನಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ, ಅವು ತೇವ ಹಿಡಿಯುತ್ತವೆ. ಬಿಸಿ ಗಾಜು ತಗುಲಿದಾಗ ಆ ತೇವ ಹಬೆಯಾಗಿ ಗಾಜಿಗೆ ಗುಂಡಿ ಹಾಕುತ್ತದೆ. ಅಚ್ಚನ್ನು ಕಿಲ್ನ್ (ಗಾಜು ಹದವಾಗಿ ಆರಿಸುವ ಕರೆಂಟ್ ಕುಲುಮೆ) ಮೇಲೆ ಇಟ್ಟು ನಿಧಾನ ಬೆಚ್ಚಗೆ ಮಾಡಿ ಒಣಗಿಸಿ. ಬಿಸಿ ಅಚ್ಚನ್ನು ಆರಿಸಲು ನೀರಿಗೆ ಅದ್ದುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ಮರದ ಅಚ್ಚಿನಲ್ಲಿ ಲೆಕ್ಕ ಉಲ್ಟಾ. ದೊಡ್ಡ ಕುಲುಮೆ ಮುಂದೆ ಕೆಲಸ ಮಾಡುವವರು ಚೆರ್ರಿ, ಪೇರ್‌ನಂಥ ಹಣ್ಣಿನ ಮರದ ಅಚ್ಚುಗಳನ್ನು ನೀರಿನಲ್ಲೇ ಮುಳುಗಿಸಿಡುತ್ತಾರೆ. ಅಲ್ಲಿ ಹಬೆಯೇ ಗಾಜಿಗೂ ಮರಕ್ಕೂ ನಡುವೆ ಹಾಸಿಗೆ. ಮರ ಒಣಗಿದರೆ ಹೊತ್ತಿ ಉರಿದು ಗಾಜಿಗೆ ಇದ್ದಿಲು ಗೀರು ಬರುತ್ತದೆ. ನೀರು ಗುಳಿಯಲ್ಲಿ ನಿಂತಿದ್ದರೆ ಗುಂಡಿ ಬರುತ್ತದೆ, ಅದಕ್ಕೆ ಬಳಸುವ ಮುಂಚೆ ಕೊಡವಿಕೊಳ್ಳಬೇಕು. ಟಾರ್ಚ್ ಮೇಲಿನ ಸಣ್ಣ ಗೋಲಿಗೆ ಮರದ ಅಚ್ಚನ್ನು ನಾನು ಹೇಳುವುದಿಲ್ಲ. ಸಣ್ಣ ಗಾಜಿನಲ್ಲಿರುವ ಅಷ್ಟಿಷ್ಟು ಶಾಖವನ್ನು ನೀರೇ ನುಂಗಿಬಿಡುತ್ತದೆ.

ಲಕ್ಷಣ: ಬಿರುಕು

ಇಲ್ಲಿ ಅವಸರ ಬೇಡ. ಬಿರುಕಿಗೆ ನಾಲ್ಕು ಕಾರಣ ಇರಬಹುದು. ಬಿರುಕು ಎಲ್ಲಿದೆ, ಯಾವಾಗ ಬಂತು ಎಂಬುದರ ಮೇಲೆ ತೀರ್ಮಾನ.

ಅಚ್ಚಿಗೆ ತಗುಲಿದ ಕಡೆ, ಉಗುರಿನ ಆಕಾರದ ಸಣ್ಣ ಮೇಲ್ಬಿರುಕುಗಳಿದ್ದರೆ ಅಚ್ಚು ತಣ್ಣಗಿತ್ತು. ಮೇಲೆ ಹೇಳಿದ ಸುಕ್ಕಿನ ಅಣ್ಣ ಇದು. ಪಂಟಿ ಕೂಡಿದ್ದ ಜಾಗದಿಂದ ಬಿರುಕು ಹೊರಟಿದ್ದರೆ ಪಂಟಿ ತಣ್ಣಗಿದ್ದಾಗ ಅಂಟಿಸಿದ್ದೀರಿ, ಅಥವಾ ತಟ್ಟಿ ಬಿಡಿಸಿದ ಮೇಲೆ ಆ ಗಾಯವನ್ನು ಜ್ವಾಲೆಯಿಂದ ಕರಗಿಸಿ ಮುಚ್ಚಿಲ್ಲ.

ಮಾಡಿದ ಮಾರನೇ ದಿನ, ಕೆಲವು ಸಲ ವಾರದ ಮೇಲೆ, ಗೋಲಿ ನಡುವೆ ಸೀಳಿದರೆ ಅದು ಅನೀಲಿಂಗ್ ದೋಷ. ಅಂದರೆ ಹದವಾಗಿ ಆರಿಸಿಲ್ಲ. ಬೂದಿಯಲ್ಲಿ ಹೂತಿಟ್ಟರೆ ಸಾಕು ಎಂದು ಹೇಳುವವರಿದ್ದಾರೆ. ಸಣ್ಣ ಮಣಿಗೆ ನಡೆದರೂ ನಡೆದೀತು, 25 ಮಿ.ಮೀ. ಗೋಲಿಗೆ ಸಾಲದು. ದಪ್ಪ ಎರಡು ಪಟ್ಟಾದರೆ ಆರಿಸುವ ಸಮಯ ಸುಮಾರು ನಾಲ್ಕು ಪಟ್ಟಾಗುತ್ತದೆ. ಬೊರೊಸಿಲಿಕೇಟ್ ಗೋಲಿಯನ್ನು ನಾನು ಕಿಲ್ನ್‌ನಲ್ಲಿ 565 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು, ಎರಡು ಗಂಟೆಯಲ್ಲಿ 480ಕ್ಕೆ ಇಳಿಸಿ, ಆಮೇಲೆ ಕಿಲ್ನ್ ಸ್ವಿಚ್ ಆಫ್ ಮಾಡಿ ಬಾಗಿಲು ತೆಗೆಯದೆ ರಾತ್ರಿಯೆಲ್ಲ ಬಿಡುತ್ತೇನೆ. ಮೆದು ಗಾಜಿಗೆ ಇನ್ನೂ ಕಮ್ಮಿ ಉಷ್ಣಾಂಶ ಬೇಕು, ಗಾಜು ಮಾಡಿದವರು ಕೊಟ್ಟ ಅಂಕಿಯನ್ನೇ ಪಾಲಿಸಿ.

ಬಣ್ಣದ ಗೆರೆ ಹಿಡಿದೇ ಬಿರುಕು ಓಡಿದ್ದರೆ ಎರಡು ಗಾಜು ಒಂದಕ್ಕೊಂದು ಹೊಂದುವುದಿಲ್ಲ. ಬಿಸಿಗೆ ಬೊರೊಸಿಲಿಕೇಟ್ ಹಿಗ್ಗುವುದು ಮೆದು ಗಾಜಿನ ಮೂರನೇ ಒಂದು ಪಾಲಿನಷ್ಟೇ. ಫಿರೋಜಾಬಾದಿನ ಬಳೆಚೂರು ಬಣ್ಣಕ್ಕೆ ಚೆಂದ ಎಂದು ಬೊರೊಸಿಲಿಕೇಟ್ ಗೋಲಿಯೊಳಗೆ ಇಟ್ಟರೆ ಯಾವ ಅಚ್ಚೂ, ಯಾವ ಕಿಲ್ನೂ ಅದನ್ನು ಉಳಿಸದು.

ಯಾವ ಗಾಜು ಎಂದು ಗೊತ್ತಿಲ್ಲದ ಬಣ್ಣವಿಲ್ಲದ ಕಡ್ಡಿ ಕೈಗೆ ಬಂದರೆ ಅಡುಗೆಮನೆಗೆ ಹೋಗಿ. ಒಂದು ಗಾಜಿನ ಲೋಟದಲ್ಲಿ ಸೂರ್ಯಕಾಂತಿ ಎಣ್ಣೆ ಹಾಕಿ ತಣ್ಣಗಿನ ಕಡ್ಡಿಯನ್ನು ಮುಳುಗಿಸಿ. ಬೊರೊಸಿಲಿಕೇಟಿನ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಎಂಬ ಅಳತೆ) ಸುಮಾರು 1.47, ಎಣ್ಣೆಯದೂ ಹೆಚ್ಚೂಕಮ್ಮಿ ಅಷ್ಟೇ. ಹಾಗಾಗಿ ಮುಳುಗಿದ ಭಾಗ ಕಣ್ಣಿಗೆ ಕಾಣದೆ ಮಾಯವಾಗುತ್ತದೆ. ಸಾಮಾನ್ಯ ಸೋಡಾ ಗಾಜಿನದು ಸುಮಾರು 1.52, ಅದರ ಅಂಚು ಎಣ್ಣೆಯಲ್ಲೂ ಸ್ಪಷ್ಟವಾಗಿ ಕಾಣುತ್ತದೆ.

ಅದೇ ಎಣ್ಣೆ ಲೋಟ ಇನ್ನೊಂದು ಕೆಲಸಕ್ಕೂ ಬರುತ್ತದೆ. ಲ್ಯಾಪ್‌ಟಾಪ್ ಎಲ್‌ಸಿಡಿ ಪರದೆಯನ್ನು ಪೂರ್ತಿ ಬಿಳಿ ಮಾಡಿ ಲೋಟವನ್ನು ಅದರ ಮುಂದಿಡಿ. ಪೋಲರೈಸ್ಡ್ ತಂಪು ಕನ್ನಡಕವನ್ನು ಕಣ್ಣ ಮುಂದೆ ಹಿಡಿದು, ಪರದೆ ಕಪ್ಪಾಗುವ ತನಕ ಓರೆ ಮಾಡಿ. ಮೊದಲು ಲೋಟ ಒಂದನ್ನೇ ನೋಡಿ. ಲೋಟದಲ್ಲೇ ಬೆಳಕಿನ ಪಟ್ಟಿ ಕಂಡರೆ ಅದು ಬೇಡ, ಬೇರೆ ಲೋಟ ತನ್ನಿ. ಆಮೇಲೆ ತಣ್ಣಗಿನ ಗೋಲಿಯನ್ನು ಎಣ್ಣೆಗೆ ಇಳಿಸಿ. ಕಪ್ಪು ಹಾಗೇ ಉಳಿದರೆ ಗೋಲಿಯೊಳಗೆ ಒತ್ತಡ ಇಲ್ಲ. ಬೆಳ್ಳಗಿನ ಅಡ್ಡಗೆರೆ, ಹೊಳೆಯುವ ಮಚ್ಚೆ ಕಂಡರೆ ಒತ್ತಡ ಕೂತಿದೆ. ಬಣ್ಣದ ಸುತ್ತ ಮಾತ್ರ ಹೊಳೆದರೆ ಗಾಜು ಹೊಂದಿಲ್ಲ, ಇಡೀ ಗೋಲಿ ಹೊಳೆದರೆ ಸರಿಯಾಗಿ ಆರಿಸಿಲ್ಲ. ಎರಡನೆಯದಕ್ಕೆ ಪರಿಹಾರ ಇದೆ. ಗೋಲಿಯನ್ನು ತಣ್ಣಗಿನ ಕಿಲ್ನ್‌ನಲ್ಲಿಟ್ಟು, ನಿಧಾನ ಬಿಸಿ ಮಾಡಿ, ಮತ್ತೆ ಹದವಾಗಿ ಆರಿಸಬಹುದು. ಎಣ್ಣೆಯನ್ನು ಸೋಪಿನಿಂದ ಪೂರ್ತಿ ತೊಳೆದು ಒರೆಸಿದ ಮೇಲೆ.

ಒತ್ತಡ ಇರುವ ಅಥವಾ ಬಿರುಕು ಬಿಟ್ಟ ಗೋಲಿಯನ್ನು ಮತ್ತೆ ಜ್ವಾಲೆಗೆ ಹಿಡಿಯಬೇಡಿ. ಸಿಡಿದು ಚೂರು ಮುಖಕ್ಕೆ ಬರುತ್ತದೆ. ಮಕ್ಕಳ ಆಟಕ್ಕೂ ಕೊಡಬೇಡಿ. ಕಿಲ್ನ್ ತೋರಿಸುವ ಉಷ್ಣಾಂಶದ ಮೇಲೇ ಅನುಮಾನ ಬಂದರೆ, ಒಂದೇ ಕ್ರಮದಲ್ಲಿ ಆರಿಸಿದ ಗೋಲಿಗಳಲ್ಲಿ ಒಂದು ಸಲ ಒತ್ತಡ ಕಂಡು ಇನ್ನೊಂದು ಸಲ ಕಾಣದಿದ್ದರೆ, ಥರ್ಮೋಕಪಲ್ (ಕಿಲ್ನ್ ಒಳಗಿನ ಬಿಸಿ ಅಳೆಯುವ ತಂತಿ) ನೋಡಲು ಎಲೆಕ್ಟ್ರಿಷಿಯನ್ ಕರೆಯಿರಿ. ಒಳಗಿನ ಕಾಯಿಲ್‌ನಲ್ಲಿ ಕರೆಂಟ್ ಹರಿಯುತ್ತದೆ, ನೀವೇ ಬಿಚ್ಚಬೇಡಿ.

ಎಲ್ಲ ನೋಡಿದ ಮೇಲೂ ಸರಿಯಾಗದಿದ್ದರೆ

ಆಗ ಅಚ್ಚಿನ ಸರದಿ. ಒಳ್ಳೆಯ ಸ್ಟೀಲ್ ಬಾಲ್‌ಬೇರಿಂಗಿನ ಗುಂಡಿಗೆ ಸೀಮೆಸುಣ್ಣ ಸವರಿ, ತಣ್ಣಗಿನ ಗುಳಿಯಲ್ಲಿ ಎಲ್ಲ ಕಡೆ ಉರುಳಿಸಿ. ಗುಂಡು ದುಂಡಗಿರುವುದು ಖಾತ್ರಿ, ಹಾಗಾಗಿ ಸುಣ್ಣದ ಗುರುತು ಕಡಿದು ಕಡಿದು ಬಂದರೆ ಗುಳಿ ಸವೆದಿದೆ. ಗುಳಿಯ ಮೈ ಮಂಕಾಗಿ, ಪುಡಿ ಪುಡಿಯಾಗಿ ಕೈಗೆ ಹತ್ತುತ್ತಿದ್ದರೆ ಬೆಂಕಿ ತಿಂದಿದೆ. ಒಂದೆರಡು ಸಲ ಸ್ಯಾಂಡ್‌ಪೇಪರ್ ಹಾಕಬಹುದು. ಜಾಸ್ತಿ ಹಾಕಿದರೆ ಆಕಾರವೇ ಹೋಗುತ್ತದೆ. ಹಿಡಿ ಸಡಿಲವಾದ ಅಚ್ಚು, ನೆಲಕ್ಕೆ ಬಿದ್ದು ಕೂದಲೆಳೆ ಬಿರುಕು ಬಿಟ್ಟ ಅಚ್ಚು, ಇವೆರಡನ್ನು ಮಾತ್ರ ತಕ್ಷಣ ಬದಿಗಿಡಿ. ಬಿಸಿ ಗೋಲಿಯ ಸಮೇತ ಮಡಿಲಿಗೆ ಬೀಳುವ ಸಾಮಾನು ಅದು.

ಹೊಸದು ಕೊಳ್ಳುವಾಗ ಮೂರ್ನಾಲ್ಕು ಅಳತೆಯ ಗುಳಿಗಳಿರುವ ಒಂದೇ ಗ್ರಾಫೈಟ್ ಅಚ್ಚು ಸಾಕು. ಬೆಂಗಳೂರಿನವರಿಗೆ ಇನ್ನೊಂದು ದಾರಿಯೂ ಇದೆ. ಪೀಣ್ಯದ ಟೂಲ್ ಅಂಡ್ ಡೈ ವರ್ಕ್‌ಶಾಪ್‌ಗಳಲ್ಲಿ ಕರೆಂಟಿನ ಕಿಡಿಯಿಂದ ಲೋಹ ಕೊರೆಯುವ ಸ್ಪಾರ್ಕ್ ಮಶೀನಿಗೆ ಗ್ರಾಫೈಟ್ ಎಲೆಕ್ಟ್ರೋಡ್ ಬಳಸುತ್ತಾರೆ. ಅದರ ಕಣ ಬಲು ಸಣ್ಣ, ಮೇಲ್ಮೈ ನಯ, ನಮಗೆ ಬೇಕಾದದ್ದೇ ಅದು. ಉಳಿದ ತುಂಡು ಕೇಳಿ, ತುದಿ ದುಂಡಗಿರುವ ಬಾಲ್‌ನೋಸ್ ಕಟರ್‌ನಿಂದ ಗುಳಿ ಹಾಕಿಸಬಹುದು. ನಾನು ಹೋದಾಗ ಮಶೀನ್ ಮುಂದಿದ್ದವರು ತುಂಡನ್ನು ತಿರುಗಿಸಿ ನೋಡಿ, “ಏನಕ್ಕಾ, ಗೋಲಿಗೆ ಅಚ್ಚಾ? ಎಷ್ಟು ಎಮ್ಮೆಮ್ಮು ಹೇಳಿ” ಅಂದರು. “28 ಅಣ್ಣಾ, ಆಳ ಅರ್ಧಕ್ಕಿಂತ ಸ್ವಲ್ಪ ಕಮ್ಮಿ ಇರಲಿ” ಅಂದೆ. “ಅಂಚು ಹಾಗೇ ಬಿಟ್ರೆ ಗಾಜಿಗೆ ಗೀರಲ್ವಾ?” ಎಂದು ಅವರೇ ಕೇಳಿ, ಅಂಚನ್ನೂ ದುಂಡಗೆ ಮಾಡಿಕೊಟ್ಟರು. ಗಾಜಿನ ಕೆಲಸ ಮಾಡದವರಿಗೂ ಆ ಅಂಚು ಕಣ್ಣಿಗೆ ಬಿದ್ದಿತ್ತು.

ಲೋಹ ಕರಗಿಸುವ ದೊಡ್ಡ ಕುಲುಮೆಯ ಎಲೆಕ್ಟ್ರೋಡ್ ತುಂಡು ಅಗ್ಗಕ್ಕೆ ಸಿಕ್ಕರೂ ಬೇಡ. ಅದರ ಕಣ ದಪ್ಪ, ಗುಳಿಯಲ್ಲಿ ರಂಧ್ರ ಉಳಿಯುತ್ತದೆ. ಮೂಸೆಯ ತುಂಡೂ ಬೇಡ, ಅದರಲ್ಲಿ ಜೇಡಿಮಣ್ಣು ಬೆರೆತಿರುತ್ತದೆ. ಹೊಸ ಅಚ್ಚು ಮನೆಗೆ ಬಂದ ದಿನವೇ ಗೋಲಿ ಮಾಡಲು ಕೂರಬೇಡಿ. ಮಶೀನಿನ ಎಣ್ಣೆ, ಪುಡಿ ಒರೆಸಿ, ಕಿಲ್ನ್ ಮೇಲೆ ಒಂದು ದಿನ ಬೆಚ್ಚಗಿಡಿ. ಮೊದಲ ಗೋಲಿಯನ್ನು ಬಣ್ಣ ಹಾಕದ ಬರೀ ಗಾಜಿನಲ್ಲಿ ಮಾಡಿ. ಅದರ ಮೇಲಾದರೆ ಎಲ್ಲ ಗುರುತೂ ಚೆನ್ನಾಗಿ ಕಾಣುತ್ತದೆ.